ಅತ್ತೆಯೆಂಬ ಚದುರಂಗದ ಯಂತ್ರ

ಯಂತ್ರಕ್ಕೆ ಚದುರಂಗ ಕಲಿಸಿದ ಮಹನೀಯರಲ್ಲಿ ನಮ್ಮ ಸೋದರಮಾವನೂ ಒಬ್ಬರು. ಅವರ ಹತ್ತಿರ ಯಂತ್ರ ಇರಲಿಲ್ಲ ಎಂಬುದೊಂದೇ ಕೊರತೆ!

ಐವತ್ತರ ದಶಕದ ಮಾತು. ಆಗಷ್ಟೇ ತಲೆಯೆತ್ತುತ್ತಿದ್ದ ರಾಜಾಜಿನಗರದಲ್ಲಿ ಅವರ ಮನೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಅಕ್ಕಪಕ್ಕದವರು ಇನ್ನೂ ಬಂದಿರಲಿಲ್ಲ. ಮಾವ ಸಂಜೆ ಕಾರ್ಖಾನೆಯಿಂದ ಬಂದವರೇ ಕಾಫಿ ಕುಡಿದು, ಚದುರಂಗದ ಮಣೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮಾರೇನಹಳ್ಳಿಯ ಗೌಡರ ಜಗಲಿಗೆ ಹೊರಟುಬಿಡುತ್ತಿದ್ದರು. ಮಾವನನ್ನು ಸೋಲಿಸುವವರು ಆ ಸುತ್ತಿನಲ್ಲೇ ಇರಲಿಲ್ಲ. ಅವರು ಊಟಕ್ಕೆ ಬರುವವರೆಗೆ ಅತ್ತೆ ಚಿಲಕ ಹಾಕಿಕೊಂಡು ಒಬ್ಬರೇ ಕೂತಿರಬೇಕು. ಮಕ್ಕಳಿರಲಿಲ್ಲ. ಮಾತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹೈಸ್ಕೂಲಿನ ಹುಡುಗಿಯಾಗಿದ್ದ ನಾನು ಬೇಸಿಗೆ ರಜೆಗೆಂದು ಅವರಲ್ಲಿಗೆ ಹೋದ ವರ್ಷ, ಪರದೇಶದಲ್ಲಿ ಯಾರೋ ಯಂತ್ರಕ್ಕೆ ಚದುರಂಗ ಹೇಳಿಕೊಡುತ್ತಿದ್ದಾರೆ ಎಂದು ಕಾರ್ಖಾನೆಯ ಇಂಜಿನಿಯರೊಬ್ಬರು ಮಾವನ ಕಿವಿಗೆ ಹಾಕಿದರು. ಮುಗಿಯಿತಲ್ಲ!

"ಯಂತ್ರಕ್ಕೆ ಸ್ವಂತ ಬುದ್ಧಿ ಎಲ್ಲಿಂದ ಬರುತ್ತೆ? ಹೇಳಿದ್ದು ಮಾಡುತ್ತೆ ಅಷ್ಟೆ. ಹೇಳೋನು ಯಾರಾಗಿರ್ಬೇಕು? ಚೆನ್ನಾಗಿ ಆಡೋನೇ ಆಗಿರ್ಬೇಕು," ಎಂದರು ಮಾವ.

ಈಗಿನವರು ಪ್ರೋಗ್ರಾಂ ಎನ್ನುವುದನ್ನು ಮಾವ ಸೂತ್ರ ಎನ್ನುತ್ತಿದ್ದರು. ಸೂತ್ರವನ್ನೇನೋ ತಾವೇ ಸಿದ್ಧಮಾಡಬಹುದು, ಅದನ್ನು ಪರೀಕ್ಷಿಸಲು ಯಂತ್ರ? ಚದುರಂಗದ ಗಂಧಗಾಳಿಯಿಲ್ಲದ, ಹೇಳಿದ್ದನ್ನು ಮಾತ್ರ ಮಾಡುವವರೊಬ್ಬರು ಬೇಕಿತ್ತು. ಅತ್ತೆಯನ್ನು ಅಡುಗೆಮನೆಯಿಂದ ಕರೆದು ಮಣೆಯ ಮುಂದೆ ಕೂರಿಸಿದರು. ಕಾಯಿಗಳ ನಡೆ ಹೇಳಿಕೊಟ್ಟು, ಸೂತ್ರಗಳನ್ನು ಬಾಯಿಪಾಠ ಮಾಡಿಸಿದರು.

ಮೊದಲ ಸೂತ್ರ: ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವ ತನಕ ಮಂತ್ರಿಯನ್ನು ಕದಲಿಸಕೂಡದು. ಮಾವನ ಕುದುರೆ ನೆಗೆದು ಬಂದು ಮಂತ್ರಿಯ ಕತ್ತಿನ ಮೇಲೆ ಕೂತರೂ ಅತ್ತೆ ಕದಲಿಸಲಿಲ್ಲ. ಮಂತ್ರಿ ಕೂತಲ್ಲೇ ಸತ್ತ.

"ಸಾಯ್ತಾನೆ ಅಂತ ಕಾಣಲಿಲ್ವೇನೇ?"

"ಕಂಡ್ರೆ ಏನ್ ಮಾಡ್ಬೇಕು ಅಂತ ನೀವು ಹೇಳಿರ್ಲಿಲ್ವಲ್ಲ."

ಎರಡನೆಯದು, ಎದುರಾಳಿಯ ಧೈರ್ಯ ಕುಗ್ಗಿದಾಗ ಮುನ್ನುಗ್ಗಬೇಕು. ಅತ್ತೆ ಮಾವನ ಮುಖವನ್ನೇ ಬಹಳ ಹೊತ್ತು ನೋಡಿ, "ಧೈರ್ಯ ಗೊತ್ತಾಗ್ಲಿಲ್ಲ ರೀ, ಹಸಿವಾಗಿರೋ ಹಾಗೆ ಕಾಣುತ್ತೆ," ಎಂದು ಎದ್ದುಹೋಗಿ ಉಪ್ಪಿಟ್ಟು ತಂದಿಟ್ಟರು. ಮಾವ ಪೂರ್ತಿ ತಿಂದರು ಅನ್ನಿ.

ನಾನೂ ಒಮ್ಮೆ ಕೇಳಿದೆ. "ಒಳ್ಳೆ ನಡೆ ಯಾವುದು ಅಂತ ನಿಮಗೆ ಹೇಗೆ ತಿಳಿಯುತ್ತೆ ಮಾವ?"

"ನೋಡಿದ್ರೆ ಗೊತ್ತಾಗುತ್ತೆ."

"ಯಂತ್ರಕ್ಕೆ ಕಣ್ಣಿಲ್ವಲ್ಲ?"

"ಅದನ್ನ ಇಂಜಿನಿಯರುಗಳು ನೋಡ್ಕೋತಾರೆ ಬಿಡು."

ತಮಾಷೆ ಎಂದರೆ, ತಮಗೆ ಹೇಗೆ ಗೊತ್ತಾಗುತ್ತದೆ ಎಂದು ಯೋಚಿಸಲು ಹೊರಟ ಮೇಲೆ ಮಾವನಿಗೆ ಗೊತ್ತಾಗುವುದೇ ನಿಂತುಹೋಯಿತು. ಸ್ನಾನಕ್ಕೆ ಹೋದವರು ಚೊಂಬು ಎತ್ತಿ ಹಿಡಿದು ನಿಂತೇ ಇರುತ್ತಿದ್ದರು. ಅಷ್ಟರಲ್ಲಿ ಗೌಡರು ಹುಡುಕಿಕೊಂಡು ಬಂದರು. "ಏನ್ ಸ್ವಾಮಿ, ಜಗಲಿ ಕಡೆ ತಲೆನೇ ಹಾಕ್ಲಿಲ್ಲ. ಸೋಲದೆ ನಂಗೆ ಊಟ ಸೇರ್ತಾ ಇಲ್ಲ ಕಣ್ರೀ." ಕೂತರು, ಆಡಿದರು. ಗೌಡರು ಗೆದ್ದೂಬಿಟ್ಟರು! ಮರುದಿನ ಗಾಡಿಯಲ್ಲಿ ಹಲಸಿನ ಹಣ್ಣು ಬಂತು.

ಗೆಲುವಿನ ರುಚಿ ಹತ್ತಿದ ಗೌಡರು ಸುಮ್ಮನಿರುತ್ತಾರೆಯೇ? "ಮಿಷಿನ್ನಿಗೆ ಹೇಳ್ಕೊಡೋಕೆ ಗೆಲ್ಲೋನು ಯಾಕೆ? ನನ್ನಷ್ಟು ಬಗೆಬಗೆಯಾಗಿ ಸೋತೋರು ಈ ಸೀಮೇಲಿಲ್ಲ. ಎಲ್ಲೆಲ್ಲಿ ಹಳ್ಳ ಐತೆ ಅಂತ ಬಿದ್ದೋನಿಗೇ ಗೊತ್ತು," ಎಂದು ಪಂಥಕ್ಕೆ ನಿಂತರು. ಅವರ ಯಂತ್ರ ನಾನು.

"ಆಗ್ಲಿ," ಎಂದರು ಮಾವ. "ನನ್ನ ಯಂತ್ರ ಸೋತ್ರೆ ಇದನ್ನೆಲ್ಲ ಬಿಟ್ಟು ಮೊದಲಿನ ಹಾಗೆ ಸಂಜೆ ನಿಮ್ಮ ಜಗಲಿಗೇ ಬರ್ತೀನಿ."

ಒಳಗೆ ರುಬ್ಬುವ ಸದ್ದು ನಿಂತಿತು. ಮಣೆಯ ಮುಂದಿನ ಆ ಸಂಜೆಗಳು ಅತ್ತೆಗೆ ಏನಾಗಿದ್ದವು ಎಂದು ನನಗೆ ಗೊತ್ತಿತ್ತು. ಬೈಸಿಕೊಂಡರೂ ಗಂಡ ಎದುರಿಗಿರುತ್ತಿದ್ದರಲ್ಲ.

ಪಂದ್ಯ ಶುರುವಾಯಿತು. ಗೌಡರು ನನಗೆ ಕೊಟ್ಟದ್ದು ಮೂರೇ ಸೂತ್ರ. ಕಾಯಿ ಇಡುವ ಮನೆಗೆ ಯಾರಾದರೂ ಹೊಂಚು ಹಾಕಿದ್ದಾರೆಯೇ ನೋಡು. ಬಿಟ್ಟಿ ಸಿಕ್ಕಿದ್ದನ್ನು ಹೊಡಿ. ಏನೂ ತೋಚದಿದ್ದರೆ ಒಂದು ಕಾಲಾಳನ್ನು ತಳ್ಳು. ಇಷ್ಟರಲ್ಲೇ ಅತ್ತೆಯ ಒಂದು ಕುದುರೆ, ಎರಡು ಒಂಟೆ ನನ್ನ ಪಾಲಾದವು. ಗೌಡರು ಮೀಸೆ ತಿರುವಿದರು. ಮಾವ ಚಾವಣಿ ನೋಡತೊಡಗಿದರು. ಆಗ ಅತ್ತೆ ಮಂತ್ರಿಯನ್ನು ಎತ್ತಿ, ಮಣೆಯ ಉದ್ದಕ್ಕೂ ತಂದು ನನ್ನ ರಾಜನ ಎದುರಿಗಿಟ್ಟರು. ಕಾಲಾಳುಗಳನ್ನೆಲ್ಲ ತಳ್ಳಿಕೊಂಡು ಹೋಗಿದ್ದ ನನ್ನ ರಾಜನಿಗೆ ಮರೆಯೇ ಇರಲಿಲ್ಲ. ಆಟ ಮುಗಿದಿತ್ತು.

"ನಿಮ್ಮ ಮಿಷಿನ್ನು ಗೆಲ್ತು ಸ್ವಾಮಿ," ಎಂದರು ಗೌಡರು.

ಮಾವ ನಗಲಿಲ್ಲ. ಅತ್ತೆಯ ರಾಜನಿಗೆ ಇನ್ನೂ ಕೋಟೆ ಕಟ್ಟಿರಲಿಲ್ಲ. "ಇದು ನನ್ನ ಸೂತ್ರ ಅಲ್ಲ. ನಿಂಗೆ ಆಟ ಯಾವಾಗ ಬಂತೇ?"

"ದಿನಾ ಎದುರಿಗೆ ಕೂತ್ರೆ ಬರದೆ ಇರುತ್ತಾ?"

"ಮತ್ತೆ ಇಷ್ಟು ದಿನ ಯಾಕೆ ಸೋತೆ?"

ಅತ್ತೆ ಕಾಯಿಗಳನ್ನೇ ನೋಡುತ್ತ ಹೇಳಿದರು. "ಗೆದ್ದಿದ್ರೆ ಯಂತ್ರ ಸರಿಯಾಯ್ತು ಅಂತ ಎದ್ದು ಹೋಗ್ತಿದ್ರಿ. ಇವತ್ತು ಸೋತಿದ್ರೂ ಜಗಲಿಗೆ ಹೋಗ್ತಿದ್ರಿ. ಇವಳೂ ನಾಳೆ ಊರಿಗೆ ಹೊರಡ್ತಾಳೆ. ಕತ್ತಲಾಗ್ತಾ ಬಂದ್ರೆ ಈ ಮನೇಲಿ ಒಬ್ಬಳಿಗೇ ಭಯ ಆಗುತ್ತೆ, ರೀ."

ಮಾವ ಗೌಡರ ಕಡೆ ತಿರುಗಿದರು. "ನನ್ನ ಸೂತ್ರ ಸೋತಿತು ಗೌಡ್ರೇ. ಯಂತ್ರದ ಸುದ್ದಿ ಇನ್ನು ಎತ್ತಲ್ಲ. ಆದ್ರೆ ಜಗಲಿಗೆ ಬರೋಕಾಗಲ್ಲ, ನೀವೇ ಇಲ್ಲಿಗೆ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ."

ಗೌಡರು ಹೊರಟ ಮೇಲೆ ಮಾವ ಕಾಯಿಗಳನ್ನು ಮತ್ತೆ ಜೋಡಿಸಿದರು. "ಬಿಳಿ ಕಾಯಿ ನಿಂದು. ನಾನು ಬಿಟ್ಟುಕೊಡಲ್ಲ, ನೀನೂ ಬಿಟ್ಟುಕೊಡ್ಬೇಡ."

ಅಡುಗೆಗೆ ನಾನೇ ಎದ್ದೆ. ಅನ್ನ ಇಳಿಸಿ, ಸಾರು ಕುದಿಸಿ ಹೊರಗೆ ಬಂದರೆ ನಡುಮನೆಯೆಲ್ಲ ಕತ್ತಲು. ಇಬ್ಬರೂ ಹಣೆಗೆ ಹಣೆ ತಾಗುವಷ್ಟು ಬಗ್ಗಿ ಮಣೆ ನೋಡುತ್ತಿದ್ದರು. ನಾನು ಲಾಂದ್ರ ತಂದಿಟ್ಟಾಗ ಅತ್ತೆ ತಲೆಯೆತ್ತಿ, "ಅಯ್ಯೋ, ಇಷ್ಟು ಬೇಗ ಕತ್ತಲಾಯ್ತೇನೇ?" ಎಂದರು.