ಬೀರು ರೂಮಿನ ವೀಸಾ ಕಚೇರಿ

ಇದನ್ನ ಯಾರ ಹತ್ರಾನೂ ಬಾಯಿ ಬಿಡಬಾರ್ದು ಅಂತ ಅಮ್ಮ ನನಗೆ ಕಟ್ಟುನಿಟ್ಟಾಗಿ ಹೇಳಿದಾರೆ. ಮನೆ ಮರ್ಯಾದೆ ಪ್ರಶ್ನೆಯಂತೆ. ಚಿಕ್ಕಪ್ಪನೂ ಅದೇ ಹೇಳಿದ್ರು. ಆದ್ರೆ ಅಷ್ಟೊತ್ತಿಗೆ ಅವರು ತಮ್ಮ ಕನ್ನಡಕದ ಅಂಗಡೀಲಿ ಕೂತು ಅರ್ಧ ಊರಿಗೆ ಹೇಳಿ ಮುಗಿಸಿದ್ರು. ಹಾಗಾಗಿ ಉಳಿದರ್ಧ ಊರಿಗೆ ನಾನು ಹೇಳ್ತಿದೀನಿ. ಒಂದೇ ಸಲ, ಮೆತ್ತಗೆ.

ವಿಷಯ ಇಷ್ಟೇ. ನಮ್ಮ ಮನೇಲಿ ಬೀರು ಇರೋ ರೂಮು ಈಗ ಪರದೇಶ. ಒಳಗೆ ಹೋಗೋಕೆ ವೀಸಾ ಬೇಕು.

ಇದೆಲ್ಲ ಶುರುವಾಗಿದ್ದು ಅಕ್ಕನ ಒಂದು ಕೆಟ್ಟ ಅಭ್ಯಾಸದಿಂದ. ಅವಳು ಏನು ಕೇಳಿದ್ರೂ ಉತ್ತರ ಹೇಳೋ ಮುಂಚೆ ಯೋಚನೆ ಮಾಡ್ತಾಳೆ.

ಅಕ್ಕ ಡಾಕ್ಟ್ರು. ಓದು ಮುಗಿದಿದೆ, ಆದ್ರೆ ಅವಳಿಗೆ ಮಕ್ಕಳ ಡಾಕ್ಟ್ರೇ ಆಗ್ಬೇಕು. ಅದಕ್ಕೆ ಬೇರೆ ದೇಶದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಅಂತ ಇದೆ, ಅಲ್ಲೇ ಕೆಲಸ ಮಾಡ್ತಾ ಮಾಡ್ತಾ ಕಲಿಯೋದು. ಅದರ ಇಂಟರ್‌ವ್ಯೂ ವರ್ಷಕ್ಕೊಂದೇ ಸಲ. ಅವಳನ್ನ ಕರೆದಿದ್ದ ಆಸ್ಪತ್ರೆಗಳಿಗೆ ಖುದ್ದಾಗಿ ಹೋಗಿ ಎದುರಿಗೆ ಕೂತು ಮಾತಾಡ್ಬೇಕಿತ್ತು. ಹಾಗೆ ಹೋಗಿಬರೋಕೆ ವಿಸಿಟರ್ ವೀಸಾ ಬೇಕು. ಹೋದ ವರ್ಷ ಅಕ್ಕ ಅದಕ್ಕೆ ಅರ್ಜಿ ಹಾಕಿದ್ಲು. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ.

"ವಾಪಸ್ ಬರ್ತೀರಾ?"

ಅಕ್ಕ ಯೋಚನೆ ಮಾಡಿದ್ಲು.

ಪಾಪ, ಅವಳ ತಪ್ಪೇನಿಲ್ಲ. ಇಂಟರ್‌ವ್ಯೂ ಮುಗಿಸ್ಕೊಂಡು ಬರೋದಂತೂ ಖಂಡಿತ. ಆಮೇಲೆ ಕೆಲಸ ಸಿಕ್ಕಿದ್ರೆ ಮತ್ತೆ ಹೋಗ್ಬೇಕು. ಹೋದ್ಮೇಲೆ ಎಷ್ಟು ವರ್ಷ, ಅದಾದ್ಮೇಲೆ ಏನು, ಆ ಮಹಾನುಭಾವ ಕೇಳ್ತಿರೋದು ಯಾವ ವಾಪಸ್ಸು? ಇಷ್ಟನ್ನೂ ಒಂದು ವಾಕ್ಯಕ್ಕೆ ಹೇಗೆ ಹಿಡಿಸೋದು ಅಂತ ಅವಳು ನೋಡ್ತಿರೋವಾಗ್ಲೇ ಪಾಸ್‌ಪೋರ್ಟು ಒಂದು ಚೀಟಿ ಸಮೇತ ಗಾಜಿನ ಕೆಳಗಿಂದ ಈಚೆ ಜಾರಿ ಬಂತು. "ಅರ್ಜಿದಾರರು ಯೋಚಿಸುತ್ತಿರುವುದು ಕಂಡುಬಂದ ಕಾರಣ ತಿರಸ್ಕರಿಸಲಾಗಿದೆ." ಪಾಸ್‌ಪೋರ್ಟಾದ್ರೂ ವಾಪಸ್ ಬಂತಲ್ಲ ಅಂತ ಚಿಕ್ಕಪ್ಪ ಸಮಾಧಾನ ಹೇಳಿದ್ರು. ಅಕ್ಕನ ಒಂದು ವರ್ಷ ಹೋಯ್ತು.

ಈ ವರ್ಷ ಮತ್ತೆ ಆಸ್ಪತ್ರೆಗಳಿಂದ ಕರೆ ಬಂತು. ಈ ಸಲಾನೂ ತಪ್ಪಿದ್ರೆ ಮುಂದೆ ಯಾರೂ ಕರೆಯಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಓದಿ ಎಷ್ಟು ವರ್ಷ ಆಯ್ತು ಅಂತಾನೂ ಲೆಕ್ಕ ಹಾಕ್ತಾರಂತೆ ಅವರು.

ಸರಿಯಾಗಿ ಅದೇ ಹೊತ್ತಿಗೆ ಅಪ್ಪ ರಿಟೈರ್ ಆದ್ರು. ಅಪ್ಪ ಪರವಾನಗಿ ಕಚೇರೀಲಿ ಕಿಂಡಿ ಹಿಂದೆ ಕೂತೇ ಕೂದಲು ಬೆಳ್ಳಗೆ ಮಾಡ್ಕೊಂಡವರು. ಅವರು "ನಾಳೆ ಬನ್ನಿ" ಅಂದ್ರೆ ಜನ ಖುಷಿಯಾಗಿ ಹೋಗಿ ನಾಳೆ ಬರ್ತಿದ್ರು, ಅಷ್ಟು ಇಂಪಾಗಿ ಹೇಳೋರು. ರಿಟೈರ್ ಆದ್ಮೇಲೆ ಹಾಗನ್ನೋಕೆ ಯಾರೂ ಸಿಗದೆ ತರಕಾರಿಯವನಿಗೇ ಅಂದ್ರು. ಅವನು ನಂಬ್ಕೊಂಡು ಹೋದ. ಮನೇಲಿ ಒಂದು ವಾರ ಬರೀ ಈರುಳ್ಳಿ.

"ಇವಳಿಗೆ ಅಭ್ಯಾಸ ಸಾಲದು," ಅಂದ್ರು ಅಪ್ಪ ಒಂದಿನ. "ಕಿಂಡಿ ಮುಂದೆ ನಿಂತು ಅಭ್ಯಾಸ ಇಲ್ಲ. ನಾನು ಮಾಡಿಸ್ತೀನಿ."

ಮಾರನೇ ದಿನ ಬಡಗಿಯನ್ನ ಕರೆಸಿ ಬೀರು ರೂಮಿನ ಬಾಗಿಲಿಗೆ ಒಂದು ಕಿಂಡಿ ಕೊರೆಸಿದ್ರು. ಅದಕ್ಕೊಂದು ಪುಟ್ಟ ಮುಚ್ಚಳ. ಸಂಜೆ ಹೊತ್ತಿಗೆ ಅಪ್ಪ ಒಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಬಾಗಿಲ ಮೇಲೆ ಪ್ರಕಟಣೆ ಅಂಟಿತ್ತು.

"ಈ ಮೂಲಕ ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬೀರು ಕೊಠಡಿಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ಪರದೇಶವೆಂದು ಘೋಷಿಸಲಾಗಿದೆ. ಒಳಗೆ ಬರಲಿಚ್ಛಿಸುವವರು ತಾವು ಮರಳಿ ಹೊರಗೆ ಹೋಗುವ ಬಗ್ಗೆ ಅಧಿಕಾರಿಗೆ ಮನವರಿಕೆ ಮಾಡಿಕೊಡತಕ್ಕದ್ದು. ಅಳು, ಸಿಟ್ಟು ಮತ್ತು ರಕ್ತಸಂಬಂಧವನ್ನು ದಾಖಲೆಯಾಗಿ ಪರಿಗಣಿಸಲಾಗುವುದಿಲ್ಲ."

ಮೊದಲನೇ ಅರ್ಜಿದಾರ ಆ ಬಡಗೀನೇ. ಉಳಿ ಒಳಗೇ ಮರೆತು ಹೋಗಿದ್ದ.

"ಸಾರ್, ಉಳಿ ಬಿಟ್ಟು ಹೋಗಿದೀನಿ."

"ಭೇಟಿಯ ಉದ್ದೇಶ?"

"ಅದೇ ಸಾರ್, ಉಳಿ."

"ಒಳಗೆ ಬಂದವರು ಹೊರಗೆ ಹೋಗ್ತೀರಿ ಅನ್ನೋಕೆ ಏನು ಆಧಾರ?"

"ಒಳಗಿದ್ದು ಏನ್ ಮಾಡ್ಲಿ ಸಾರ್? ಒಂದು ಬೀರು ಇದೆ. ಅದರ ಬಾಗಿಲೂ ನಾನೇ ರಿಪೇರಿ ಮಾಡಿದ್ದು."

ಅಪ್ಪ ಪೆನ್ನು ಕೆಳಗಿಟ್ರು. "ಅಂದ್ರೆ ಒಳಗೆ ನಿಮಗೆ ಕೆಲಸ ಸಿಗೋ ಸಾಧ್ಯತೆ ಇದೆ."

ತಿರಸ್ಕಾರ. ಬಡಗಿ ಬೇಜಾರೇನೂ ಮಾಡ್ಕೊಳ್ಳಲಿಲ್ಲ. "ಆಫೀಸು ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಅಲ್ವಾ ಅಮ್ಮಾ," ಅಂತ ಅಮ್ಮನಿಗೆ ಹೇಳಿ ಬೇರೆ ಉಳಿ ತರೋಕೆ ಹೋದ.

ಆಮೇಲೆ ಅಮ್ಮನ ಸರದಿ. ಮನೆಯವರ ಬಟ್ಟೆ, ಹೊದಿಕೆ, ಇಸ್ತ್ರಿ ಪೆಟ್ಟಿಗೆ, ಎಲ್ಲಾ ಇರೋದು ಆ ರೂಮಲ್ಲೇ. ಅಮ್ಮ ಸೊಂಟಕ್ಕೆ ಕೈ ಕೊಟ್ಟು ಕಿಂಡಿ ಮುಂದೆ ನಿಂತ್ರು.

"ಒಳಗೆ ನಿಮಗೆ ಸಂಬಂಧಿಕರು ಯಾರಾದ್ರೂ ಇದಾರಾ?"

"ಇದಾರೆ. ಗಂಡ. ತಲೆ ನೆಟ್ಟಗಿಲ್ಲ."

"ಹತ್ತಿರದ ಸಂಬಂಧಿ ಇದ್ರೆ ಅಲ್ಲೇ ನೆಲೆಸೋ ಅಪಾಯ ಹೆಚ್ಚು."

"ಇಷ್ಟು ವರ್ಷ ನಿಮ್ಮ ಜೊತೆ ನೆಲೆಸಿ ಕಂಡ ಸುಖ ಸಾಲದೇನ್ರೀ?"

"ನೆಲೆಸಿದ ಪೂರ್ವೇತಿಹಾಸವೂ ಇದೆ," ಅಂತ ಬಾಯಲ್ಲಿ ಹೇಳ್ಕೋತಾ ಅಪ್ಪ ಬರ್ಕೊಂಡ್ರು.

"ಅಯ್ಯೋ, ಬೇಗ ಏನಾದ್ರೂ ಹೇಳಿ ಮಾರಾಯ್ರೆ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ!"

ಆ ಮಾತಿಗೆ ಬಾಗಿಲು ತಟ್ಟಂತ ತೆರೀತು. ಹೊರಗಡೆ ಕಾಯ್ತಾ ಇರೋ ಕೆಲಸಕ್ಕಿಂತ ಬಲವಾದ ದಾಖಲೆ ಇಲ್ಲವಂತೆ. ಅವತ್ತಿಂದ ನಮ್ಮನೇಲಿ ಯಾರಿಗೆ ಟವೆಲ್ ಬೇಕಾದ್ರೂ ಮೊದಲು ಒಲೆ ಮೇಲೆ ಹಾಲಿಡೋದು. ಹಾಲು ದಿನಾ ಉಕ್ಕಿತು. ಒಲೆ ಕಪ್ಪಾಯ್ತು. ಯಾರೂ ಅದನ್ನ ದೊಡ್ಡ ವಿಷಯ ಮಾಡಲಿಲ್ಲ, ಎಲ್ಲರ ಮೈಮೇಲೂ ಒಗೆದ ಬಟ್ಟೆ ಇತ್ತಲ್ಲ.

ಅಕ್ಕನಿಗೆ ಮಾತ್ರ ಹಾಲು ನಡೀಲಿಲ್ಲ. ಅವಳು ಪರೀಕ್ಷಾರ್ಥಿ. ಬೆಳಿಗ್ಗೆ ತಿಂಡಿಗೆ ಮುಂಚೆ ಕಿಂಡಿ ಮುಂದೆ ನಿಲ್ಲಬೇಕು. ಅಪ್ಪ ಅವಳನ್ನ "ನೀವು" ಅಂತಿದ್ರು. ಹುಟ್ಟಿದಾಗಿನಿಂದ ಅವರ ಬಾಯಲ್ಲಿ "ನೀನು" ಬಿಟ್ಟು ಬೇರೆ ಕೇಳದ ಅಕ್ಕನಿಗೆ ಮೊದಮೊದಲು ಯಾರೋ ಹಿಂದೆ ನಿಂತಿದಾರೇನೋ ಅಂತ ತಿರುಗಿ ನೋಡೋ ಹಾಗಾಗ್ತಿತ್ತು.

"ವಾಪಸ್ ಬರ್ತೀರಾ?"

"ಬರ್ತೀನಿ."

"ಬೇಗ ಹೇಳಿದ್ರಿ. ಬಾಯಿಪಾಠ ಮಾಡಿದ ಹಾಗಿದೆ. ತಿರಸ್ಕಾರ."

ಮಾರನೇ ದಿನ ಒಂದು ಉಸಿರು ಬಿಟ್ಟು ಹೇಳಿದ್ಲು. ತಡ ಆಯ್ತು, ತಿರಸ್ಕಾರ. ಅದರ ಮಾರನೇ ದಿನ ಅರ್ಧ ಉಸಿರು. ಅಪ್ಪ ತುಂಬಾ ಹೊತ್ತು ನೋಡಿ, "ಕಣ್ಣು ಒದ್ದೆ ಇದೆ. ಅಳು ದಾಖಲೆಯಲ್ಲ," ಅಂದ್ರು.

"ಅಪ್ಪ, ಈರುಳ್ಳಿ ಹೆಚ್ತಿದ್ದೆ."

"ಇಲ್ಲಿ ಅಪ್ಪ ಅಂತ ಯಾರೂ ಇಲ್ಲ."

ಇದು ಸಾಲದು ಅಂತ ಚಿಕ್ಕಪ್ಪ ಸಂಜೆ ಹೊತ್ತು ಊಟದ ಟೇಬಲ್ಲಿನಲ್ಲಿ ಆಸ್ಪತ್ರೆ ತೆರೆದ್ರು. ಕಣ್ಣು ಪರೀಕ್ಷೆ ಮಾಡೋದ್ರಿಂದ ನಮ್ಮ ವಂಶದಲ್ಲಿ ವೈದ್ಯಕೀಯ ಅಂದ್ರೆ ಅವರೇ. ಮಕ್ಕಳ ವಿಭಾಗದ ಮುಖ್ಯಸ್ಥರಾಗಿ ಕೂತು, ಕುತ್ತಿಗೆಗೆ ಅಳತೆ ಟೇಪು ಹಾಕ್ಕೊಂಡು ಕೇಳೋರು, "ನಮ್ಮ ಆಸ್ಪತ್ರೇಲಿ ಎಷ್ಟು ವರ್ಷ ಇರ್ತೀರಿ ಡಾಕ್ಟ್ರೇ?"

"ಎಷ್ಟು ವರ್ಷ ಬೇಕಾದ್ರೂ ಇರ್ತೀನಿ ಸಾರ್."

"ಭೇಷ್! ಇಂಥವರು ಬೇಕು ನಮಗೆ."

ಆಮೇಲೆ ವೀಸಾ ಅಧಿಕಾರಿ, ವಿಭಾಗದ ಮುಖ್ಯಸ್ಥರು ಇಬ್ಬರೂ ಒಟ್ಟಿಗೆ ಕೂತು ಟೀ ಕುಡಿಯೋರು. ಮಾರನೇ ಬೆಳಿಗ್ಗೆ ಕಿಂಡಿ ತೆರೀತಿದ್ದ ಹಾಗೇ ಅಪ್ಪ ಗಂಟಲು ಸರಿ ಮಾಡ್ಕೊಂಡ್ರು.

"ತಾವು ನಿನ್ನೆ ಸಂಜೆ ಊಟದ ಟೇಬಲ್ಲಿನ ಬಳಿ, ವಾಪಸ್ ಬರುವೆನೆಂಬುದಕ್ಕೆ ವಿರುದ್ಧವಾದ ಹೇಳಿಕೆ ಕೊಟ್ಟಿರುವುದಾಗಿ ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ."

"ಆ ಮೂಲ ಚಿಕ್ಕಪ್ಪ! ನೀವು ಅಲ್ಲೇ ಕೂತು ಬಿಸ್ಕತ್ತು ತಿಂತಿದ್ರಿ!"

"ಮೂಲವನ್ನು ಬಹಿರಂಗಪಡಿಸುವಂತಿಲ್ಲ."

ಹಿಂದೆ ಸಾಲಲ್ಲಿ ಕರ್ಚೀಫಿಗೋಸ್ಕರ ನಿಂತಿದ್ದ ಮೂಲ ತಲೆ ಕೆರ್ಕೊಂಡಿತು. "ಬೇಕೂಂತ ಹೇಳಲಿಲ್ಲ ಪುಟ್ಟಾ. ಟೀ ಬಿಸಿ ಇತ್ತು, ಮಾತು ಜಾರಿಬಿಡ್ತು."

ಅಕ್ಕ ಮೇಲ್ಮನವಿ ಹಾಕಿದ್ಲು. ಮೇಲ್ಮನವಿ ಕೇಳೋರೂ ಅಪ್ಪನೇ. ಆದ್ರೆ ಆಗ ಬೇರೆ ಕನ್ನಡಕ ಹಾಕ್ಕೋತಿದ್ರು. ಆ ಕನ್ನಡಕ ಚಿಕ್ಕಪ್ಪನ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೇಲ್ಮನವಿ ಬಾಕಿ.

ಅವತ್ತು ಅಕ್ಕ ಅಡುಗೆಮನೆಗೆ ಬಂದು ಕೂತ್ಲು. ಅಮ್ಮ ಒಲೆ ಒರೆಸ್ತಾ ಇದ್ರು.

"ಅಮ್ಮ, ಅಪ್ಪ ಆಫೀಸಲ್ಲೂ ಹೀಗೇ ಎಲ್ಲರ ಅರ್ಜೀನೂ ತಿರಸ್ಕಾರ ಮಾಡ್ತಿದ್ರಾ?"

ಅಮ್ಮ ಬಟ್ಟೆ ಹಿಂಡಿದ್ರು. "ಇಲ್ವೇ. ಒಂದು ಅರ್ಜೀನೂ ತಿರಸ್ಕಾರ ಮಾಡಿದವರಲ್ಲ. ಮನಸ್ಸು ಬರ್ತಿರಲಿಲ್ಲ. ತಡ ಮಾಡ್ತಿದ್ರು, ಅಷ್ಟೇ."

ನಿಜವಾದ ವೀಸಾ ಕಚೇರಿಗೆ ಹೋಗೋ ದಿನ ಬಂತು. ಅದೇ ಗಾಜು, ಹಿಂದೆ ಬೇರೆ ಅಧಿಕಾರಿ. ಅವನ ಟೇಬಲ್ಲಿನ ಮೇಲೆ ಒಂದು ಗಿಡ, ಅದಕ್ಕೆ ನೀರು ಹಾಕದೆ ಬಹಳ ದಿನ ಆದ ಹಾಗಿತ್ತು. ಪ್ರಶ್ನೆ ಬದಲಾಗಿರಲಿಲ್ಲ.

"ವಾಪಸ್ ಬರ್ತೀರಾ?"

ಅಕ್ಕನಿಗೆ ಉಸಿರಿನ ಲೆಕ್ಕ ತಪ್ಪಿತು. ಪೂರ್ತಿ ಉಸಿರೋ ಅರ್ಧ ಉಸಿರೋ ನೆನಪಾಗಲಿಲ್ಲ. ಅವನ ಕೈ ಸೀಲಿನ ಕಡೆ ಹೋಗೋದು ಕಾಣ್ತಿದ್ದ ಹಾಗೇ ಬಾಯಿಗೆ ಬಂದಿದ್ದನ್ನ ಹೇಳಿಬಿಟ್ಲು. "ಬರಲೇಬೇಕು ಸಾರ್. ಮನೇಲಿ ನನ್ನದೊಂದು ಅರ್ಜಿ ಬಾಕಿ ಇದೆ."

ಅವನ ಕೈ ನಿಂತಿತು. "ಯಾವ ಹಂತದಲ್ಲಿದೆ?"

"ಮೇಲ್ಮನವಿ."

"ವಿಚಾರಣೆ ಆಯ್ತಾ?"

"ಇಲ್ಲ. ಅಧಿಕಾರಿಗೆ ಕನ್ನಡಕ ಬಂದಿಲ್ಲ."

ಆ ಅಧಿಕಾರಿ ಕುರ್ಚಿಗೆ ಒರಗಿ ಕೂತ. ಅವನ ಮುಖದಲ್ಲಿ ಒಂಥರಾ ಗೌರವ ಕಾಣಿಸ್ತು. "ಹೊಲ ಮನೆ ಇರೋರೂ ಬಿಟ್ಟು ಹೋಗೋದು ನೋಡಿದೀನಿ. ಅರ್ಜಿ ಬಾಕಿ ಇಟ್ಟು ಹೋದವರನ್ನ ನೋಡಿಲ್ಲ. ಎಲ್ಲಿದ್ರೂ ಬಂದು ಕೇಳ್ತಾರೆ," ಅಂತ ಹೇಳಿ ವೀಸಾ ಕೊಟ್ಟ. ಅಕ್ಕ ಮನೆಗೆ ಬಂದು ಇದನ್ನ ಹೇಳಿದಾಗ ಚಿಕ್ಕಪ್ಪ ಎದ್ದು ಕುಣಿದ್ರು. ಅಮ್ಮ ಅತ್ತು, ಹಾಲು ಉಕ್ಕಿದ ಹೊಗೆಗೆ ಕಣ್ಣು ಉರೀತು ಅಂದ್ರು. ಅಪ್ಪ, "ಅಭ್ಯಾಸ ಫಲ ಕೊಡ್ತು," ಅಂದ್ರು. ಹಾಗಂದು ಎದ್ದು ಬೀರು ರೂಮಿಗೆ ಹೋದ್ರು.

ಹೊರಡೋ ದಿನ ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ಸೂಟ್‌ಕೇಸು ಡಿಕ್ಕಿ ಸೇರ್ತು. ಆಗ ನೆನಪಾಯ್ತು, ಇಂಟರ್‌ವ್ಯೂಗೆ ಹಾಕ್ಕೊಳ್ಳೋ ಕೋಟು ಬೀರುವಲ್ಲೇ ಉಳಿದಿದೆ.

"ಹಾಲಿಡ್ಲೇನೇ?" ಅಮ್ಮ ಪಿಸುಗುಟ್ಟಿದ್ರು.

"ಬೇಡಮ್ಮ."

ಅಕ್ಕ ಕಿಂಡಿ ಮುಂದೆ ಹೋಗಿ ನಿಂತ್ಲು. ಹಿಂದೆ ಅಮ್ಮ, ಚಿಕ್ಕಪ್ಪ, ಅವರ ಹಿಂದೆ ಟ್ಯಾಕ್ಸಿ ಡ್ರೈವರು. ಇಲ್ಲಿ ಸಾಲಲ್ಲಿ ನಿಲ್ಲಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಸಾಲು ಕಂಡ, ನಿಂತ.

ಮುಚ್ಚಳ ಒಂಚೂರು ಮೇಲೆದ್ದಿತು. ಒಳಗಿಂದ ಅಪ್ಪನ ಗಂಟಲು.

"ವಾಪಸ್ ಬರ್ತೀಯೇನೇ?"

ನೀವು ಅನ್ನೋದು ಮರೆತಿದ್ರು.

ಅಕ್ಕ ಯೋಚನೆ ಮಾಡಿದ್ಲು. ಈ ಸಲ ಯಾರೂ ಅವಸರ ಮಾಡಲಿಲ್ಲ. ಚಿಕ್ಕಪ್ಪನೂ ಬಾಯಿ ಹಾಕಲಿಲ್ಲ. ಇಂಟರ್‌ವ್ಯೂ ಆದ್ಮೇಲೆ, ಕೆಲಸ ಸಿಕ್ಕಿದ್ಮೇಲೆ, ಅಲ್ಲಿನ ಮಕ್ಕಳು ಅವಳನ್ನ ಹಚ್ಕೊಂಡ್ಮೇಲೆ, ಅಷ್ಟು ದೂರದ ವರೆಗೂ ಅವಳು ಯೋಚನೆ ಮಾಡ್ಕೊಂಡು ಹೋಗಿ, ಅಲ್ಲಿಂದ ಹೇಳಿದ್ಲು.

"ಗೊತ್ತಿಲ್ಲ ಅಪ್ಪ."

ಇಲ್ಲಿ ಅಪ್ಪ ಅಂತ ಯಾರೂ ಇಲ್ಲ ಅನ್ನೋ ಮಾತು ಬರಲಿಲ್ಲ. ಮುಚ್ಚಳ ಇಳೀತು. ಒಳಗೆ ಬೀರು ಕಿರುಗುಟ್ಟಿದ ಸದ್ದು. ಆಮೇಲೆ ಸೀಲು ಬಡಿದ ಸದ್ದು. ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಕೋಟು ಹೊರಗೆ ಬಂತು. ಇಸ್ತ್ರಿ ಆಗಿತ್ತು, ಇನ್ನೂ ಬೆಚ್ಚಗಿತ್ತು. ಅದರ ಮೇಲೊಂದು ಚೀಟಿ.

"ಮೇಲ್ಮನವಿ ಪರಿಶೀಲನೆಯಲ್ಲಿದೆ. ತೀರ್ಪನ್ನು ಅಂಚೆ, ಫೋನು ಅಥವಾ ಬಂಧುಗಳ ಮೂಲಕ ತಿಳಿಸುವ ಪದ್ಧತಿ ಈ ಕಚೇರಿಯಲ್ಲಿ ಇರುವುದಿಲ್ಲ. ಅರ್ಜಿದಾರರು ಎಷ್ಟೇ ತಡವಾದರೂ ಖುದ್ದಾಗಿ ಇದೇ ಕಿಂಡಿಗೆ ಬಂದು ವಿಚಾರಿಸತಕ್ಕದ್ದು."

ಅಕ್ಕ ಓದಿ ಅಮ್ಮನಿಗೆ ಕೊಟ್ಲು. ಅಮ್ಮ ಓದಿ ಸೆರಗಿನ ತುದೀಲಿ ಕಣ್ಣೊರೆಸ್ಕೊಂಡು ಚಿಕ್ಕಪ್ಪನಿಗೆ ಕೊಟ್ರು. ಚಿಕ್ಕಪ್ಪ ಎರಡು ಸಲ ಓದಿ, "ಕ್ರಮಬದ್ಧವಾಗಿದೆ," ಅಂದ್ರು. ಡ್ರೈವರೂ ಇಣುಕಿ ಓದಿದ. "ನಂದೂ ಒಂದು ಹೀಗೇ ಇದೆ ಮೇಡಂ, ಬೇರೆ ಆಫೀಸಲ್ಲಿ. ಹೋಗಿ ಕೇಳ್ತಾ ಇರ್ಬೇಕು, ಅಷ್ಟೇ."

ಎಲ್ಲರೂ ಹೌದು ಅಂತ ತಲೆ ಆಡಿಸಿದ್ರು.

ಅಕ್ಕ ಚೀಟೀನ ಪಾಸ್‌ಪೋರ್ಟಿನೊಳಗೆ, ವೀಸಾ ಇರೋ ಹಾಳೆಗೇ ಸೇರಿಸಿಟ್ಲು. ಕೋಟು ತೋಳಿಗೆ ಹಾಕ್ಕೊಂಡು ಬಾಗಿಲು ತಟ್ಟಿದ್ಲು.

"ಅಪ್ಪ, ಹೋಗ್ಬರ್ತೀನಿ."

ಕಿಂಡಿ ಮುಚ್ಚಿತ್ತು. ಅವಳು ಇನ್ನೊಂದು ಸಲ ತಟ್ಟಿದ್ಲು. ಬಾಗಿಲು ತೆರೀಲಿಲ್ಲ. ಒಳಗಿಂದ "ನಾಳೆ ಬನ್ನಿ" ಅಂತ ಅಪ್ಪನ ದನಿ ಬಂತು, ತರಕಾರಿಯವನಿಗೆ ಅಂದಷ್ಟು ಇಂಪಾಗಿರಲಿಲ್ಲ.