ಅರ್ಧ ವೇಗದ ಜಪಾನಿ

ತನ್ನ ಮನೆಯ ಟಿವಿ ತನಗೇ ಪರದೇಶಿಯಾಗಿದೆ ಎಂಬುದು ಹೆಂಡತಿಯ ದೂರು. ಮಹತ್ಕಾರ್ಯಕ್ಕೆ ಹೊರಟವನ ಕಾಲೆಳೆಯುತ್ತಿದ್ದಾಳೆ ಎಂಬುದು ಯಜಮಾನರ ಪ್ರತಿದೂರು.

ಮಹತ್ಕಾರ್ಯವೆಂದರೆ ಜಪಾನ್ ಯಾತ್ರೆ. ಯಜಮಾನರು ಗುಂಡಿ ಕಾರ್ಖಾನೆಯ ಉಗ್ರಾಣಾಧಿಕಾರಿ. (ಗುಂಡಿ ಎಂದರೆ ಅಂಗಿಯ ಗುಂಡಿ. ಬೀಳುವ ಗುಂಡಿ ಮುಂದೆ ಬರುತ್ತದೆ.) ಗುಂಡಿ ಕೊಳ್ಳುವ ಜಪಾನಿ ಕಂಪನಿ ಇಲ್ಲಿಂದ ಒಬ್ಬರನ್ನು ಮೂರು ತಿಂಗಳ ತರಬೇತಿಗೆ ಕರೆಸಿಕೊಳ್ಳುತ್ತದಂತೆ, ಅಲ್ಲಿನ ಹಿರಿಯರೊಬ್ಬರು ಬಂದು ಆರಿಸುತ್ತಾರಂತೆ, ಸ್ವಲ್ಪ ಭಾಷೆ ಬಂದರೆ ಒಳ್ಳೆಯದಂತೆ. ಇಷ್ಟು 'ಅಂತೆ'ಗಳು ಕಿವಿಗೆ ಬಿದ್ದದ್ದೇ ತಡ, ಯಜಮಾನರು ಜಪಾನಿ ಕಲಿಸುವ ವಿಡಿಯೋ ಪಾಠಗಳನ್ನು ಹುಡುಕಿ ಟಿವಿಗೆ ಜೋಡಿಸಿಬಿಟ್ಟರು. ಇಡೀ ಆಯುಷ್ಯ ಗುಂಡಿಗಳ ನಡುವೆ ಕಳೆದ ಅವರಿಗೆ ಒಮ್ಮೆಯಾದರೂ ವಿಮಾನ ಹತ್ತಬೇಕೆಂಬ ಆಸೆ ನಿಜಕ್ಕೂ ಇತ್ತು.

ಪಾಠದ ಮೇಡಂ ಹಸನ್ಮುಖಿ. ಆದರೆ ಮಾತು ಮಾತ್ರ ಅರಳು ಹುರಿದಂತೆ. ಯಜಮಾನರು ಮೊದಲ ಪದವನ್ನು ಹಿಡಿಯುವಷ್ಟರಲ್ಲಿ ಆಕೆ ಪಾಠ ಮುಗಿಸಿ ಕೈಬೀಸುತ್ತಿದ್ದರು. ಆಗ ಯಜಮಾನರಿಗೆ ದಿವ್ಯಜ್ಞಾನವಾಯಿತು. ರಿಮೋಟ್ ಹಿಡಿದು ವಿಡಿಯೋದ ವೇಗವನ್ನು ಅರ್ಧಕ್ಕೆ ಇಳಿಸಿದರು. ಮೇಡಂ ಈಗ ನಿದ್ದೆಗಣ್ಣಿನಲ್ಲಿ ಎದ್ದು ಬಂದವರಂತೆ ಒಂದೊಂದೇ ಅಕ್ಷರವನ್ನು ಎಳೆಯತೊಡಗಿದರು. ಯಜಮಾನರೂ ಜೊತೆಗೆ ಎಳೆದರು.

"ಹಾ... ಜೀ... ಮೇ... ಮಾಷ್... ತೇ..."

"ಏನ್ರೀ, ಹೊಟ್ಟೆನೋವಾ?" ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು.

"ನಿಮ್ಮನ್ನು ಕಂಡು ಸಂತೋಷವಾಯಿತು ಅಂತ ಅರ್ಥ ಕಣೇ!"

"ಸಂತೋಷ ಆದವರ ಮುಖ ಹೀಗಿರಲ್ಲ ಬಿಡಿ."

ಆಮೇಲೆ ಮೇಡಂ ಬಾಗಿ ವಂದಿಸುವುದನ್ನು ಕಲಿಸಿದರು. ನಿಜದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ವಂದನೆ. ಅರ್ಧ ವೇಗದಲ್ಲಿ ಅವರು ನಿಧಾನವಾಗಿ ಇಳಿದರು, ಕೆಳಗೆ ನಿಂತರು, ನಿಧಾನವಾಗಿ ಎದ್ದರು. ಯಜಮಾನರು ಶಿಸ್ತಿನ ಶಿಷ್ಯ. ಮೇಡಂಗಿಂತ ಒಂದು ಉಸಿರಿನಷ್ಟು ಹೆಚ್ಚೇ ಬಾಗಿ ನಿಂತರು. ಬಾಗಿಲಲ್ಲಿ ಕೂತಿದ್ದ ಅವರ ತಾಯಿ ಸೊಸೆಯನ್ನು ಕೂಗಿದರು. "ಏನೋ ಬೀಳಿಸ್ಕೊಂಡಿದಾನೆ ಕಣಮ್ಮ ಇವನು. ಆಗಿಂದ ಹುಡುಕ್ತಾನೇ ಇದಾನೆ. ಸ್ವಲ್ಪ ನೋಡಬಾರ್ದಾ?"

"ವೇಗ ಸರಿ ಮಾಡ್ಕೊಳ್ರೀ," ಎಂದಳು ಹೆಂಡತಿ.

"ನಿಂಗೇನು ಗೊತ್ತು ಜಪಾನಿ?"

"ಜಪಾನಿ ಗೊತ್ತಿಲ್ಲ. ಮನುಷ್ಯರು ಗೊತ್ತು. ಮನುಷ್ಯರು ಹೀಗೆ ಮಾತಾಡಲ್ಲ."

ಆದರೂ ಜಪಾನಿ ಹಿರಿಯರು ಬರುವ ದಿನ ಅವಳೇ ಅಂಗಿಗೆ ಇಸ್ತ್ರಿ ಹಾಕಿದಳು, ಬೂಟು ಒರೆಸಿದಳು, ಬಾಗಿಲವರೆಗೆ ಬಂದು "ಗೆದ್ದು ಬನ್ನಿ" ಎಂದಳು. ಇಷ್ಟು ಪ್ರೀತಿಯನ್ನು ಅವಳು ಎಲ್ಲಿ ಮುಚ್ಚಿಟ್ಟಿದ್ದಳೆಂದು ಯಜಮಾನರ ಎದೆ ತುಂಬಿ ಬಂತು.

ಕಾರ್ಖಾನೆಯ ಅಂಗಳದಲ್ಲಿ ಕಾರು ನಿಂತಿತು. ಜಪಾನಿ ಹಿರಿಯರು ಇಳಿದರು, ಜೊತೆಗೆ ದುಭಾಷಿ ಹೆಣ್ಣುಮಗಳು. ಮಾಲೀಕರು ಕಣ್ಸನ್ನೆ ಮಾಡಿದ್ದೇ ತಡ, ಯಜಮಾನರು ಮುಂದೆ ಬಂದು "ಹಾ... ಜೀ..." ಎಂದು ಶುರುಮಾಡಿ, ಮೆಲ್ಲಗೆ ಬಾಗತೊಡಗಿದರು. ಹಿರಿಯರೂ ಬಾಗಿದರು, ಎದ್ದರು. ಇವರು ಇನ್ನೂ ಇಳಿಯುತ್ತಲೇ ಇದ್ದರು. ಹಿರಿಯರು ಗಾಬರಿಯಾಗಿ ಮತ್ತೆ ಬಾಗಿದರು, ಮತ್ತೆ ಎದ್ದರು. ಇವರು ತಳ ಮುಟ್ಟಿ ಅಲ್ಲೇ ನಿಂತಿದ್ದರು. ಹಿರಿಯರ ಮುಖ ಬಿಳುಪೇರಿತು. ದುಭಾಷಿಯ ಕಿವಿಯಲ್ಲಿ ಏನೋ ಹೇಳಿದರು.

"ಏನು ಅನಾಹುತ ಆಗಿದೆ ಅಂತ ಕೇಳ್ತಿದಾರೆ," ಎಂದಳು ಆಕೆ ಮಾಲೀಕರಿಗೆ. "ಅವರ ಕಡೆ ಇಷ್ಟು ಹೊತ್ತು ಬಾಗೋದು ದೊಡ್ಡ ತಪ್ಪು ಮಾಡಿದವರು ಮಾತ್ರ. ದನಿ ಕೂಡ ದುಃಖಕ್ಕೆ ಕಟ್ಟಿಹೋಗಿದೆ ಅಂತಾರೆ."

"ಅನಾಹುತವಾ? ಏನೂ ಇಲ್ಲಪ್ಪಾ!" ಎಂದರು ಮಾಲೀಕರು. ಹಿರಿಯರು ನಂಬಲಿಲ್ಲ. ನೇರ ಉಗ್ರಾಣಕ್ಕೆ ನಡೆದರು. ತಮಗೆ ಹೊರಟಿದ್ದ ಗುಂಡಿಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದರು. ಯಜಮಾನರು "ಇಲ್ಲ... ಅದು..." ಎಂದು ತೊದಲಿದಷ್ಟೂ ಹಿರಿಯರು ಅವರ ಬೆನ್ನು ಸವರಿ ಸಮಾಧಾನ ಮಾಡಿದರು.

ಬಿಚ್ಚಿ ನೋಡಿದರೆ, ಮೇಲೆ ನಾಲ್ಕು ತೂತಿನ ಗುಂಡಿ ಎಂದು ಬರೆದಿದ್ದ ಪೆಟ್ಟಿಗೆಗಳಲ್ಲಿ ಎರಡು ತೂತಿನವು! ತುಂಬಿದ್ದು ಪ್ಯಾಕಿಂಗ್ ಮೇಸ್ತ್ರಿ ಎಂದು ಮಾಲೀಕರು ಬೆರಳು ತೋರಿದರು. ಅವನು ಕಂಬದ ಹಿಂದೆ ಸರಿದ.

ಹಿರಿಯರು ಕೋಪಿಸಿಕೊಳ್ಳಲಿಲ್ಲ. ಯಜಮಾನರ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ದುಭಾಷಿ ಹೇಳುತ್ತಾ ಹೋದಳು. ಇಂಥ ಪ್ರಾಮಾಣಿಕ ಉಗ್ರಾಣಾಧಿಕಾರಿಯನ್ನು ತಾವು ಕಂಡೇ ಇಲ್ಲ. ಬೇರೆಯವರು ಮಾಡಿದ ತಪ್ಪಿಗೆ ತಾವೇ ತಲೆಬಾಗಿ, ಕೇಳುವ ಮೊದಲೇ ಒಪ್ಪಿಕೊಂಡಿದ್ದಾರೆ. ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನಸ್ಸು ಆಗಲೇ ವಿಮಾನದ ಕಿಟಕಿ ಪಕ್ಕದಲ್ಲಿ ಕೂತಿತ್ತು.

"ಆದ್ದರಿಂದ," ಎಂದಳು ದುಭಾಷಿ, "ಇವರನ್ನು ಈ ಉಗ್ರಾಣದಿಂದ ಒಂದು ದಿನವೂ ಕದಲಿಸಬೇಡಿ ಅಂತಾರೆ. ತರಬೇತಿ ಬೇಕಾಗಿರೋದು ಪ್ಯಾಕ್ ಮಾಡಿದವರಿಗೆ. ಅವರನ್ನ ಕಳಿಸಿಕೊಡಿ."

ಕಂಬದ ಹಿಂದಿನಿಂದ ಮೇಸ್ತ್ರಿ ಹಲ್ಲುಬಿಟ್ಟುಕೊಂಡು ಈಚೆ ಬಂದ. ಮಾಲೀಕರು ಯಜಮಾನರ ಹೆಗಲು ತಟ್ಟಿದರು. "ಸಂಜೆ ಹೊತ್ತು ನಿಮ್ಮನೇಲೇ ಇವನಿಗೆ ಸ್ವಲ್ಪ ಜಪಾನಿ ಕಲಿಸಿಬಿಡಿ. ವಿಡಿಯೋ ಹೇಗೂ ಇದೆಯಲ್ಲ."

ಯಜಮಾನರು ಇಂಗು ತಿಂದ ಮಂಗನಂತೆ ಮನೆಗೆ ಬಂದರು. ನಡೆದದ್ದನ್ನೆಲ್ಲ ಹೇಳುತ್ತಿದ್ದ ಹಾಗೆ ಹೆಂಡತಿ ಕುಸಿದು ಕೂತಳು. ಕಣ್ಣಲ್ಲಿ ನೀರು.

ತನ್ನ ಸೋಲಿಗೆ ಇವಳು ಇಷ್ಟೊಂದು ನೊಂದುಕೊಂಡಳಲ್ಲ ಎಂದು ಯಜಮಾನರು ಅವಳ ಪಕ್ಕ ಕೂತರು. "ಅಳಬೇಡ ಕಣೇ. ಜಪಾನ್ ಹೋದರೆ ಹೋಗಲಿ. ನಾನು ನಿನ್ನ ಜೊತೆಗೇ ಇರ್ತೀನಲ್ಲ."

ಹೆಂಡತಿಯ ಅಳು ಜೋರಾಯಿತು. ಮೂಗು ಒರೆಸಿಕೊಂಡು ಫೋನ್ ಎತ್ತಿಕೊಂಡಳು.

"ಅಕ್ಕಾ, ಬಟ್ಟೆಬರೆ ಕಟ್ಟಿದ್ರೆ ಬಿಚ್ಚಿಡು. ಮೂರು ತಿಂಗಳು ಇಬ್ರೂ ಹಾಯಾಗಿರೋಣ ಅಂದಿದ್ನಲ್ಲ, ಅದೆಲ್ಲ ಮುಗೀತು. ಇವರು ಇಲ್ಲೇ ಇರ್ತಾರಂತೆ. ಸಾಲದು ಅಂತ ಇನ್ನೊಬ್ಬನ್ನೂ ಕರ್ಕೊಂಡು ಬರ್ತಾರಂತೆ!"