ಎಂಟು ತಿಂಗಳು ಸುಳ್ಳುಗಾರರೆನಿಸಿಕೊಂಡ ಬಿ.ಪಿ. ಯಂತ್ರಕ್ಕೆ

ಮಾನ್ಯ ಬಿ.ಪಿ. ಯಂತ್ರ ಮಹಾಶಯರೇ,

ಹೊಸೂರಿನ ಗೋಪೀನಾಥ, ತೋಳು ಮಡಿಸಿ, ತಲೆ ತಗ್ಗಿಸಿ ಮಾಡುವ ನಮಸ್ಕಾರಗಳು.

ಕಳೆದ ಶನಿವಾರ ಬೆಳಿಗ್ಗೆ ನನ್ನ ತೋಳಿನ ಮೇಲೆ ತಾವು ತೋರಿಸಿದ 176/104 ಎಂಬ ಅಂಕಿ ಸರಿಯಾಗಿಯೇ ಇತ್ತೆಂದು ಅದೇ ಮಧ್ಯಾಹ್ನ ಖಚಿತವಾಗಿದೆ. ಇದನ್ನು ತಿಳಿಸಿದವರು, ನನ್ನ ಹೆಂಡತಿ ಹರಿಪ್ರಿಯಾಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುವ ಕೇಂದ್ರದ ನರ್ಸ್ ಉಷಾರಾಣಿ. ಆದ್ದರಿಂದ ತಮ್ಮ ಮೇಲಿನ ಹಳೆಯ ಆರೋಪಗಳನ್ನೆಲ್ಲ ಹಿಂತೆಗೆದುಕೊಂಡು ಹೊಸದೊಂದು ದೂರು ಸಲ್ಲಿಸುತ್ತಿದ್ದೇನೆ.

ಮಗುವಿಗೆ ಹಾಲು ಕೊಡುವ ಮೊದಲು ಬಿಸಿಯನ್ನು ನಮ್ಮ ಕೈ ಮೇಲೆ ನೋಡಿಕೊಳ್ಳುವಂತೆ, ಹರಿಪ್ರಿಯಾಳ ಬಲತೋಳಿಗೆ ಪಟ್ಟಿ ಸುತ್ತುವ ಮೊದಲು ತಮ್ಮನ್ನು ನನ್ನ ತೋಳಿನ ಮೇಲೆ ಪರೀಕ್ಷಿಸುವುದು ನಮ್ಮ ಮನೆಯ ಪದ್ಧತಿ. ತಾವು ದಿನವೂ ನೂರ ಎಪ್ಪತ್ತರ ಆಸುಪಾಸು ತೋರಿಸಿದಿರಿ. ನಾನು ದಿನವೂ ನೋಟ್‌ಬುಕ್ಕಿನಲ್ಲಿ ‘ಯಂತ್ರ ಸರಿಯಿಲ್ಲ’ ಎಂದು ಬರೆದೆ. ಮೂರು ಸಲ ಬ್ಯಾಟರಿ ಬದಲಿಸಿದೆ. ತಮ್ಮನ್ನು ಮಾರಿದ ಔಷಧಿ ಅಂಗಡಿಯ ಚಲಪತಿಯೊಡನೆ ಜಗಳವಾಡಿದೆ. ಅವಳ ತೋಳಿನ ಮೇಲೆ ತಾವು ಕೇಂದ್ರದ ಲೆಕ್ಕಕ್ಕೆ ಹೊಂದುವ ಲೆಕ್ಕವನ್ನೇ ಕೊಡುತ್ತಿದ್ದುದು ಕಂಡರೂ ನನಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಮನೆಯಲ್ಲಿ ರೋಗಿಯ ಜಾಗ ಇದ್ದುದು ಒಂದೇ, ಅದು ನಾಲ್ಕು ವರ್ಷಗಳಿಂದ ಭರ್ತಿಯಾಗಿತ್ತು.

ಶನಿವಾರ ಆ ನೋಟ್‌ಬುಕ್ ಉಷಾರಾಣಿಯವರ ಕೈಗೆ ಹೋಯಿತು. ಅವರು ಕೇಂದ್ರದ ಯಂತ್ರದ ಪಟ್ಟಿಯನ್ನು ನನಗೆ ಸುತ್ತಿ, “ಸಾರ್, ನಿಮ್ಮನೆ ಮಿಷನ್ ಕರೆಕ್ಟಾಗೈತೆ, ಕೆಟ್ಟೋಗಿರೋದು ನೀವು” ಎಂದು ವಾರ್ಡಿಗೆಲ್ಲ ಕೇಳುವಂತೆ ಘೋಷಿಸಿದರು. ಹಾಸಿಗೆಯಿಂದ ಹರಿಪ್ರಿಯಾ, “ಅದಕ್ಕೆ ಮೂರು ಸಲ ಬ್ಯಾಟರಿ ಹಾಕಿದ್ರಲ್ಲ, ನಿಮಗೆ ಯಾವಾಗ ಹಾಕ್ಸೋದು?” ಎಂದು ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ, “ನೀವು ಬಿದ್ದೋದ್ರೆ ನನ್ನ ಇಲ್ಲಿಗೆ ಯಾರು ಕರ್ಕೊಂಡು ಬರ್ತಾರ್ರೀ?” ಎಂದಳು.

ನನ್ನ ದೂರು ಇಷ್ಟೇ: ಇಷ್ಟು ದೊಡ್ಡ ಸುದ್ದಿಯನ್ನು ತಾವು ಇಷ್ಟು ಮೆಲ್ಲಗೆ ಹೇಳಬಾರದಿತ್ತು. ಮುಂದೆ ದಯವಿಟ್ಟು ಹೆಸರು ಹಿಡಿದು ಗದರಿಸತಕ್ಕದ್ದು. ಆಕೆಯ ಊಟದಲ್ಲಿ ಬಿಟ್ಟ ಉಪ್ಪನ್ನೆಲ್ಲ, ಗುಮ್ಮಳಾಪುರದ ಅತ್ತಿಗೆ ಕಳಿಸಿದ ಉಪ್ಪಿನಕಾಯಿಯ ರೂಪದಲ್ಲಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿನ್ನುತ್ತಿದ್ದ ತ್ಯಾಗಮೂರ್ತಿ ನಾನೇ ಎಂಬುದನ್ನು ಮಾತ್ರ ಗೋಪ್ಯವಾಗಿಡತಕ್ಕದ್ದು. ಸಾಧ್ಯವಾದರೆ ಮಂಗಳವಾರ ನನ್ನ ಬದಲು ತಾವೇ ಆ ಕೇಂದ್ರದ ಬೆಂಚಿನ ಮೇಲೆ ನಾಲ್ಕು ಗಂಟೆ ಕುಳಿತು, ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಹಿಡಿಯತಕ್ಕದ್ದು. ಅಷ್ಟರಲ್ಲಿ ನಾನು ಮನೆಯಲ್ಲಿ ಸುಮ್ಮನೆ ಮಲಗಿರುತ್ತೇನೆ. ಹಾಗೆ ಮಲಗುವುದು ಹೇಗೆಂಬುದನ್ನು ಮರೆತಿರುವುದರಿಂದ, ಅದರ ಸೂಚನೆಗಳನ್ನೂ ಲಗತ್ತಿಸಬೇಕಾಗಿ ವಿನಂತಿ.

ತಡವಾಗಿಯಾದರೂ ತಮ್ಮ ವಿಶ್ವಾಸಿ,
ಗೋಪೀನಾಥ

ವಿ.ಸೂ.: ಉಪ್ಪಿನಕಾಯಿ ಜಾಡಿ ಈಗ ಬೀರುವಿನಲ್ಲಿದೆ, ಬೀಗದ ಕೈ ಹರಿಪ್ರಿಯಾಳ ಬಳಿ ಇದೆ. ಗುಟ್ಟು ಬಿಟ್ಟವರು ಯಾರೆಂದು ವಿಚಾರಿಸುತ್ತಿದ್ದೇನೆ, ತಮ್ಮ ಮೇಲೂ ಅನುಮಾನವಿದೆ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ವೈದ್ಯರ ಬಳಿ ನನ್ನ ಸರದಿ. ರೋಗಿಯ ಜೊತೆಗೆ ಬರುವವರು: ಹರಿಪ್ರಿಯಾ.